ಆಸ್ಪತ್ರೆಯವರು ಆಂಜಿಯೋ ಸಿಡಿ, ಕೇಸ್ ಶೀಟ್ ಕೊಡುತ್ತಿಲ್ಲ. ಕೇಳುವ ಹಕ್ಕು ನಮಗಿದೆಯಾ?

ಹಿರಿಯೂರು_ಹುಡುಗ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ತಿಂಗಳು ರಾತ್ರಿ ಊಟ ಆದಮೇಲೆ ಅಪ್ಪನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ಎಡಗೈ ಸೆಳೆತ. ಪಕ್ಕದ ಮನೆಯವರ ಕಾರಿನಲ್ಲಿ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಹೆಸರು ಬೇಡ. ಇಸಿಜಿ ನೋಡಿ ಹಾರ್ಟ್ ಅಟ್ಯಾಕ್ ಅಂದರು, ಅವತ್ತೇ ರಾತ್ರಿ ಆಂಜಿಯೋಗ್ರಾಂ (ಡೈ ಹಾಕಿ ಹೃದಯದ ರಕ್ತನಾಳದ ಚಿತ್ರ ತೆಗೆಯುವುದು) ಮಾಡಿ ಒಂದು ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿದರು. ಅಪ್ಪ ಈಗ ಚೆನ್ನಾಗಿದ್ದಾರೆ, ಮನೆಯಲ್ಲಿ ಓಡಾಡಿಕೊಂಡು, ಬೀಡಿ ಬಿಡಿಸಿದ್ದಕ್ಕೆ ಕಂಡಕಂಡವರ ಮೇಲೆ ರೇಗುತ್ತಿದ್ದಾರೆ. ಹಾಗಾಗಿ ಡಾಕ್ಟರ ಮೇಲೆ ನನಗೇನೂ ಸಿಟ್ಟಿಲ್ಲ, ಅದನ್ನ ಮೊದಲೇ ಹೇಳಿಬಿಡುತ್ತೇನೆ.

ತೊಂದರೆ ಆಮೇಲಿನದು. ಇನ್ನೊಂದು ರಕ್ತನಾಳದಲ್ಲೂ ಬ್ಲಾಕ್ ಇದೆ, ಅದಕ್ಕೂ ಸ್ಟೆಂಟ್ ಬೇಕು, ತಿಂಗಳೊಳಗೆ ಬನ್ನಿ ಅಂದಿದ್ದಾರೆ. ಮಾಡಿಸುವ ಮೊದಲು ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಒಂದು ಸಲ ತೋರಿಸೋಣ ಅಂತ ಮಾವ ಹೇಳುತ್ತಿದ್ದಾರೆ. ಅಲ್ಲಿಗೆ ಆಂಜಿಯೋ ಸಿಡಿ ತೆಗೆದುಕೊಂಡು ಹೋಗಬೇಕಲ್ಲ, ಕೇಳಲು ಹೋದೆ. ರಿಸೆಪ್ಷನ್‌ನಲ್ಲಿ ಆಂಜಿಯೋ ಮಾಡುವ ಕ್ಯಾತ್ ಲ್ಯಾಬಿಗೆ ಹೋಗಿ ಅಂದರು, ಕ್ಯಾತ್ ಲ್ಯಾಬಿನವರು ಡಾಕ್ಟರ್ ಹೇಳಬೇಕು ಅಂದರು, ಡಾಕ್ಟರ್ ರಜೆ. ಕೇಸ್ ಶೀಟಿನ ಜೆರಾಕ್ಸ್ ಕೇಳಿದರೆ 'ಅದು ಆಸ್ಪತ್ರೆ ಆಸ್ತಿ, ಡಿಸ್ಚಾರ್ಜ್ ಸಮರಿ ಕೊಟ್ಟಿದ್ದೀವಲ್ಲ' ಅಂತ ಉತ್ತರ.

ಬಿಲ್ಲಿನಲ್ಲೂ ಒಂದು ಅನುಮಾನ. ಸ್ಟೆಂಟ್, ಬಲೂನ್, ಕ್ಯಾತ್ ಲ್ಯಾಬ್ ಚಾರ್ಜ್ ಎಲ್ಲ ಸೇರಿಸಿ ಪ್ಯಾಕೇಜ್ ಅಂತ ಒಂದೇ ಸಾಲು. ಸ್ಟೆಂಟಿಗೆ ಎಷ್ಟು ಅಂತ ಗೊತ್ತೇ ಆಗುತ್ತಿಲ್ಲ. ಇನ್ನೊಂದು, ಅವತ್ತು ರಾತ್ರಿ ಇಂಗ್ಲಿಷ್ ಫಾರ್ಮ್ ಮೇಲೆ ಐದಾರು ಕಡೆ ನನ್ನ ಸೈನ್ ಹಾಕಿಸಿಕೊಂಡರು. ಅಪ್ಪನಿಗೆ ಪ್ರಜ್ಞೆ ಇತ್ತು, ಮಾತಾಡುತ್ತಿದ್ದರು, ಆದರೂ ಅವರನ್ನ ಯಾರೂ ಕೇಳಲಿಲ್ಲ. ಇದೆಲ್ಲ ಸರಿನಾ? ಜಗಳ ಬೇಡ, ಪೇಪರ್ ಸಿಕ್ಕರೆ ಸಾಕು. ಗೊತ್ತಿರುವವರು ಹೇಳಿ.

ರೆಕಾರ್ಡ್_ರೂಮ್:

ನಾನು ಬೇರೊಂದು ಊರಿನ ಆಸ್ಪತ್ರೆಯಲ್ಲಿ ರೆಕಾರ್ಡ್ ವಿಭಾಗದಲ್ಲೇ ಕೆಲಸ ಮಾಡುವುದು. ಒಳಗಿನ ಕಥೆ ಹೇಳುತ್ತೇನೆ ಕೇಳಿ.

ಮೂಲ ಕೇಸ್ ಶೀಟ್ ಆಸ್ಪತ್ರೆಯಲ್ಲೇ ಇರುತ್ತದೆ, ಅಷ್ಟು ನಿಜ. ಆದರೆ ಅದರ ಪ್ರತಿ ನಿಮ್ಮ ಹಕ್ಕು. ವೈದ್ಯರ ನಡತೆಯ ಬಗ್ಗೆ 2002ರಲ್ಲಿ ಬಂದ ಮೆಡಿಕಲ್ ಕೌನ್ಸಿಲ್ ನಿಯಮ ಇದೆ. ಒಳರೋಗಿಯ ದಾಖಲೆಯನ್ನ ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಡಬೇಕು, ರೋಗಿಯೋ ರೋಗಿ ಒಪ್ಪಿಗೆ ಕೊಟ್ಟ ಮನೆಯವರೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಅದರಲ್ಲಿ ಸ್ಪಷ್ಟವಾಗಿದೆ. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ತಂದು ಅದೇ ತಿಂಗಳು ತಡೆ ಹಿಡಿದರು, ಹಾಗಾಗಿ 2002ರದ್ದೇ ಚಾಲ್ತಿ. ಜೆರಾಕ್ಸಿನ ಖರ್ಚು ತೆಗೆದುಕೊಳ್ಳಬಹುದು, ಕೊಡಲ್ಲ ಅನ್ನುವ ಹಾಗಿಲ್ಲ.

ಈಗ ಯಾಕೆ ಓಡಾಡಿಸುತ್ತಾರೆ ಅಂದರೆ, ಎಲ್ಲ ಸಲವೂ ದುರುದ್ದೇಶ ಇರಲ್ಲ. ಡಿಸ್ಚಾರ್ಜ್ ಆದ ಫೈಲು ವಾರ್ಡಿನಿಂದ ನಮ್ಮ ಹತ್ತಿರ ಬರುವಷ್ಟರಲ್ಲಿ ದಿನಗಳೇ ಹೋಗುತ್ತವೆ. ಬಂದಮೇಲೆ ನೋಡಿದರೆ ಆಪರೇಷನ್ ನೋಟ್ಸಿಗೆ ಡಾಕ್ಟರ ಸೈನ್ ಇರಲ್ಲ, ನರ್ಸ್ ಚಾರ್ಟಿನಲ್ಲಿ ಒಂದು ಶಿಫ್ಟ್ ಖಾಲಿ. ಸೈನ್ ಆಗದ ಫೈಲನ್ನ ಜೆರಾಕ್ಸ್ ಮಾಡಿ ಹೊರಗೆ ಬಿಡಲು ಯಾರಿಗೂ ಧೈರ್ಯ ಇಲ್ಲ, ಅದಕ್ಕೇ ನಾಳೆ ಬನ್ನಿ, ನಾಡಿದ್ದು ಬನ್ನಿ. ಬಾಯಲ್ಲಿ ಕೇಳಿದವರಿಗೆ ಈ ನಾಳೆ ಮುಗಿಯುವುದೇ ಇಲ್ಲ. ಅದೇ ಒಂದು ಅರ್ಜಿ ಇನ್‌ವರ್ಡ್ ರಿಜಿಸ್ಟರಿಗೆ ಬಿದ್ದು ನಂಬರ್ ಆಯಿತು ಅಂದರೆ ಕಥೆ ಬೇರೆ. ಆಗ ನಾವೇ ಫೈಲ್ ಹಿಡಿದುಕೊಂಡು ಡಾಕ್ಟರ ಹಿಂದೆ ಓಡುತ್ತೇವೆ.

ಹಾಗಾಗಿ ಬಿಳಿ ಹಾಳೆ ತೆಗೆದುಕೊಂಡು ಕನ್ನಡದಲ್ಲೇ ಬರೆಯಿರಿ. ವಕೀಲರ ಭಾಷೆ ಬೇಡ. ಇಷ್ಟು ಸಾಕು:

'ಗೆ, ವೈದ್ಯಕೀಯ ಅಧೀಕ್ಷಕರು. ವಿಷಯ: ಚಿಕಿತ್ಸಾ ದಾಖಲೆಗಳ ಪ್ರತಿ ಕೋರಿ. ನಾನು ಇಂಥ ದಿನದಿಂದ ಇಂಥ ದಿನದವರೆಗೆ ತಮ್ಮಲ್ಲಿ ಒಳರೋಗಿಯಾಗಿದ್ದೆ, ಐಪಿ ನಂಬರ್ ಇಷ್ಟು. ನನ್ನ ಪೂರ್ತಿ ಕೇಸ್ ಶೀಟ್, ಇಸಿಜಿ, ಎಕೋ, ರಕ್ತ ಪರೀಕ್ಷೆ ವರದಿಗಳು, ಆಂಜಿಯೋಗ್ರಾಂ ಮತ್ತು ಸ್ಟೆಂಟ್ ಹಾಕಿದಾಗಿನ ಸಿಡಿ, ಸ್ಟೆಂಟಿನ ವಿವರ ಹಾಗೂ ವಿವರವಾದ ಬಿಲ್ ಕೊಡಬೇಕಾಗಿ ಕೋರುತ್ತೇನೆ. ಪ್ರತಿಯ ಖರ್ಚು ಕೊಡಲು ಸಿದ್ಧ. ನನ್ನ ಪರವಾಗಿ ನನ್ನ ಮಗ ಪಡೆದುಕೊಳ್ಳುತ್ತಾನೆ.'

ಕೆಳಗೆ ಅಪ್ಪನ ಸೈನ್. ಇದು ಮುಖ್ಯ, ನಿಮ್ಮದಲ್ಲ, ಅವರದು. ಅವರ ಆಧಾರ್ ಜೆರಾಕ್ಸ್, ನಿಮ್ಮದೊಂದು. ಎರಡು ಪ್ರತಿ ಮಾಡಿ, ಒಂದಕ್ಕೆ ಸೀಲ್ ಹಾಕಿಸಿ ತಾರೀಖು ಬರೆಸಿಕೊಂಡು ಬನ್ನಿ. ಸೀಲ್ ಹಾಕಲ್ಲ ಅಂದರೆ ವಾದ ಬೇಡ, ಅದನ್ನೇ ಅಕ್ನಾಲೆಜ್‌ಮೆಂಟ್ ಇಟ್ಟು ಸ್ಪೀಡ್ ಪೋಸ್ಟ್ ಮಾಡಿ, ಜೊತೆಗೆ ಒಂದು ಇಮೇಲ್.

ಸಿಡಿಯ ವಿಷಯಕ್ಕೆ ತಡ ಮಾಡಬೇಡಿ. ಎಷ್ಟೋ ಕಡೆ ಕ್ಯಾತ್ ಲ್ಯಾಬ್ ಮೆಷಿನ್‌ನಲ್ಲಿ ಜಾಗ ತುಂಬಿದ ಹಾಗೆ ಹಳೆಯದನ್ನ ಅಳಿಸುತ್ತಾ ಹೋಗುತ್ತಾರೆ.

ಕೋಟೆ_ಕಲ್ಲು:

ಇದೆಲ್ಲ ಕಾಗದದ ಮೇಲೆ ಚೆಂದ ಸ್ವಾಮಿ. ಊರಲ್ಲಿ ಇರುವುದೇ ಒಂದೋ ಎರಡೋ ಹೃದಯದ ಆಸ್ಪತ್ರೆ. ಇವತ್ತು ಅರ್ಜಿ, ಸೀಲು, ಸ್ಪೀಡ್ ಪೋಸ್ಟ್ ಅಂತ ಹೋದರೆ ನಾಳೆ ರಾತ್ರಿ ಮತ್ತೆ ಎದೆನೋವು ಬಂದಾಗ ಎಲ್ಲಿಗೆ ಹೋಗುತ್ತೀರಿ? ಅದೇ ಬಾಗಿಲಿಗೆ ತಾನೇ? ನಮ್ಮ ಚಿಕ್ಕಪ್ಪನ ವಿಷಯದಲ್ಲಿ ಬಿಲ್ ವಿವರ ಕೇಳಿದ್ದಕ್ಕೆ 'ನಿಮಗೆ ನಂಬಿಕೆ ಇಲ್ಲ ಅಂದರೆ ಬೇರೆ ಕಡೆ ಕರ್ಕೊಂಡು ಹೋಗಿ' ಅಂದಿದ್ದರು, ಅದೂ ಐಸಿಯುನಲ್ಲಿ ಇರುವಾಗ. ಹಕ್ಕು ಇರಬಹುದು, ಗಾಡಿ ಮಾಡಿಕೊಂಡು ಬೆಂಗಳೂರಿಗೆ ಹೋಗಲು ದುಡ್ಡು ಇರಬೇಕಲ್ಲ.

ಗ್ರಾಹಕ_ಕೋರ್ಟ್:

ಕೋಟೆ ಅವರೇ, ನೀವು ಹೇಳಿದ್ದು ನಿಜ, ಈ ಭಯ ಎಲ್ಲರಿಗೂ ಇದೆ. ಹಾಗಂತ ಅರ್ಜಿ ಕೊಡುವುದು ಜಗಳ ಅಲ್ಲ. ಎಲ್‌ಐಸಿಗೆ, ಇನ್ಶೂರೆನ್ಸಿಗೆ, ಸರ್ಕಾರಿ ನೌಕರರ ಮೆಡಿಕಲ್ ಬಿಲ್ಲಿಗೆ ಅಂತ ದಿನಾ ಎಷ್ಟೋ ಜನ ಕೇಸ್ ಶೀಟ್ ತೆಗೆದುಕೊಳ್ಳುತ್ತಾರೆ. ಎರಡನೇ ಅಭಿಪ್ರಾಯಕ್ಕೆ ಬೇಕು ಅಂತಲೂ ಬರೆಯಬೇಕಿಲ್ಲ, ಕಾರಣ ಕೊಡಲೇಬೇಕು ಅಂತ ನಿಯಮ ಇಲ್ಲ.

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ನಮ್ಮ ರಾಜ್ಯದಲ್ಲಿ ಖಾಸಗಿ ಆಸ್ಪತ್ರೆಗಳಿಗೆ ಕೆಪಿಎಂಇ ಅಂತ 2007ರ ಕಾಯ್ದೆ ಇದೆ. 2017ರಲ್ಲಿ ಅದನ್ನ ತಿದ್ದುಪಡಿ ಮಾಡಿದರು. ಆಗ ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ಖಾಸಗಿ ಆಸ್ಪತ್ರೆಗಳೆಲ್ಲ ಓಪಿಡಿ ಮುಚ್ಚಿ ಮುಷ್ಕರ ಮಾಡಿದ್ದು ನೆನಪಿರಬೇಕು. ಗಲಾಟೆಯ ನಂತರ ಮಸೂದೆ ತೆಳುವಾಯಿತು, ಆದರೂ ಉಳಿದದ್ದು ಸಣ್ಣದಲ್ಲ. ದರಪಟ್ಟಿ ಜನರಿಗೆ ಕಾಣುವಂತೆ ಹಾಕಬೇಕು. ತುರ್ತಿನಲ್ಲಿ ಬಂದವರಿಗೆ ಮೊದಲು ದುಡ್ಡು ಕಟ್ಟಿ ಅಂತ ಹಠ ಹಿಡಿಯುವ ಹಾಗಿಲ್ಲ. ರೋಗಿ ತೀರಿಕೊಂಡರೆ ಬಾಕಿ ಇದೆ ಅಂತ ಹೆಣ ಇಟ್ಟುಕೊಳ್ಳುವ ಹಾಗಿಲ್ಲ, ಬಾಕಿಯನ್ನ ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಈ ಕೊನೆಯದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಒಡವೆ ಅಡ ಇಟ್ಟು ಬಂದು ಹೆಣ ಬಿಡಿಸಿಕೊಂಡವರನ್ನ ನೋಡಿದ್ದೇನೆ.

ದೂರು ಎಲ್ಲಿ ಅಂದರೆ, ಜಿಲ್ಲೆಯಲ್ಲಿ ನೋಂದಣಿ ಮತ್ತು ಕುಂದುಕೊರತೆ ಪ್ರಾಧಿಕಾರ ಇದೆ, ಡಿಸಿ ಅಧ್ಯಕ್ಷರು, ಜಿಲ್ಲಾ ಆರೋಗ್ಯ ಅಧಿಕಾರಿ (ಡಿಎಚ್‌ಒ) ಸದಸ್ಯ ಕಾರ್ಯದರ್ಶಿ. ದಾಖಲೆ ಕೊಡಲಿಲ್ಲ, ದರ ಜಾಸ್ತಿ ಹಾಕಿದರು ಅನ್ನುವುದಕ್ಕೆ ಅಲ್ಲಿಗೆ. ಡಾಕ್ಟರ ನಡತೆಯ ಬಗ್ಗೆ ಆದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಪರಿಹಾರ ಬೇಕು ಅಂದರೆ ಜಿಲ್ಲಾ ಗ್ರಾಹಕ ಆಯೋಗ, 2 ವರ್ಷದೊಳಗೆ. ಆಸ್ಪತ್ರೆಗೆ ಕೊಟ್ಟ ಹಣ 5 ಲಕ್ಷದೊಳಗೆ ಇದ್ದರೆ ಅಲ್ಲಿ ಶುಲ್ಕ ಇಲ್ಲ, ವಕೀಲರೂ ಕಡ್ಡಾಯ ಅಲ್ಲ. ವೈದ್ಯಕೀಯ ಸೇವೆ ಗ್ರಾಹಕ ಕಾಯ್ದೆಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆ ಮಾತ್ರ ಅದರ ಹೊರಗೆ.

ಆದರೆ ಈ ಮೂರೂ ಕಡೆ ಮೊದಲು ಕೇಳುವುದು ಒಂದೇ: ಕೇಸ್ ಶೀಟ್ ಎಲ್ಲಿ? ನಾನು ಗ್ರಾಹಕ ಪ್ರಕರಣಗಳನ್ನೇ ಜಾಸ್ತಿ ನೋಡುವವನು, ನ್ಯಾಯ ತಮ್ಮ ಕಡೆ ಇದ್ದೂ ಕೈಯಲ್ಲಿ ಬಿಲ್ ಬಿಟ್ಟರೆ ಇನ್ನೇನೂ ಇಲ್ಲದೆ ಸೋತವರೇ ಹೆಚ್ಚು. ಅದಕ್ಕೇ ರೆಕಾರ್ಡ್_ರೂಮ್ ಹೇಳಿದ ಸೀಲ್ ಬಿದ್ದ ಪ್ರತಿಯನ್ನ ಎತ್ತಿಡಿ. ಅರ್ಜಿ ಕೊಟ್ಟೂ ದಾಖಲೆ ಕೊಡಲಿಲ್ಲ ಅಂದರೆ ಅದೇ ಅವರ ವಿರುದ್ಧ ಒಂದು ಸಾಕ್ಷಿ.

ಸ್ಟೆಂಟಿನ ಬಗ್ಗೆ: 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಅದಕ್ಕೂ ಮೊದಲು ಔಷಧಿ ಲೇಪಿಸಿದ ಸ್ಟೆಂಟಿಗೆ ಲಕ್ಷ ದಾಟಿಸಿ ತೆಗೆದುಕೊಳ್ಳುತ್ತಿದ್ದರು, ಅದನ್ನ 29,600 ರೂಪಾಯಿಗೆ ಇಳಿಸಿದರು. ಆಮೇಲೆ ಬೆಲೆ ಸೂಚ್ಯಂಕ ನೋಡಿ ಪರಿಷ್ಕರಿಸುತ್ತಾ ಬಂದಿದ್ದಾರೆ. ಮುಖ್ಯ ಏನೆಂದರೆ ಬಿಲ್ಲಿನಲ್ಲಿ ಸ್ಟೆಂಟನ್ನ ಬೇರೆ ಸಾಲಿನಲ್ಲಿ ಬ್ರ್ಯಾಂಡ್, ಕಂಪನಿ, ಬ್ಯಾಚ್ ನಂಬರ್ ಸಮೇತ ತೋರಿಸಬೇಕು ಅಂತ ಅದೇ ಆದೇಶದಲ್ಲಿದೆ. ಪ್ಯಾಕೇಜ್ ಅಂದರೂ ಸರಿ, ಇದನ್ನ ಬಿಡಿಸಿ ಕೊಡಲೇಬೇಕು.

ಹಾರ್ಟು_ಡಾಕ್ಟರು:

ಚರ್ಚೆ ಓದಿದೆ. ನಾನು ಹೃದ್ರೋಗ ವಿಭಾಗದಲ್ಲೇ ಇರುವವನು, ಬೇರೆ ಜಿಲ್ಲೆ. ಆಚೆ ಕಡೆಯಿಂದಲೂ ಸ್ವಲ್ಪ ಹೇಳಬೇಕು ಅನ್ನಿಸಿತು.

ಮೊದಲು ಸೈನ್ ವಿಷಯ. ಪ್ರಜ್ಞೆ ಇರುವ, ಅರ್ಥ ಆಗುವ ವಯಸ್ಕರ ಒಪ್ಪಿಗೆ ಅವರೇ ಕೊಡಬೇಕು. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಹೇಳಿದೆ. ಅಲ್ಲಿ ಪರೀಕ್ಷೆಗೆ ಅಂತ ಒಪ್ಪಿಗೆ ಕೊಟ್ಟು ಅರಿವಳಿಕೆಯಲ್ಲಿದ್ದ ಹೆಂಗಸಿಗೆ, ತಾಯಿಯ ಒಪ್ಪಿಗೆ ತೆಗೆದುಕೊಂಡು ಗರ್ಭಕೋಶವನ್ನೇ ತೆಗೆದಿದ್ದರು. ಜೀವಕ್ಕೆ ಅಪಾಯ ಇಲ್ಲದಿದ್ದಾಗ ಹಾಗೆ ಮಾಡುವಂತಿಲ್ಲ ಅಂತ ತೀರ್ಪು ಬಂತು. ಹಾಗಾಗಿ ತಂದೆಯವರನ್ನ ಒಂದು ಮಾತು ಕೇಳಿ, ಕನ್ನಡದಲ್ಲಿ ಹೇಳಿ, ಅವರದೇ ಸೈನ್ ತೆಗೆದುಕೊಳ್ಳಬೇಕಿತ್ತು. ನಮ್ಮಲ್ಲಿ ಮಗನನ್ನ ಹೊರಗೆ ಕರೆದು ಸೈನ್ ಹಾಕಿಸುವುದು ಒಂದು ಅಭ್ಯಾಸ ಆಗಿಹೋಗಿದೆ, ಇದು ಬದಲಾಗಬೇಕು.

ಆದರೆ ಅವತ್ತು ರಾತ್ರಿ ಸ್ಟೆಂಟ್ ಹಾಕಿದ್ದು ಸರಿಯಾದ ಚಿಕಿತ್ಸೆಯೇ. ಹಾರ್ಟ್ ಅಟ್ಯಾಕ್ ಆದಾಗ ಮುಚ್ಚಿಹೋದ ರಕ್ತನಾಳವನ್ನ ತೆರೆಯುವುದು ತಡ ಆದಷ್ಟೂ ಸ್ನಾಯು ಸಾಯುತ್ತಾ ಹೋಗುತ್ತದೆ. ಆ ಹೊತ್ತಲ್ಲಿ ಆಂಜಿಯೋ ಮಾಡಿ, ಕೆಳಗಿಳಿಸಿ, ನಾಳೆ ಯೋಚನೆ ಮಾಡಿ ಹೇಳಿ ಅನ್ನಲು ಆಗಲ್ಲ. ಎರಡನೇ ಬ್ಲಾಕ್ ಬೇರೆ ವಿಷಯ. ಅದಕ್ಕೆ ಯೋಚನೆ ಮಾಡಲು ಸಮಯ ಇದೆ, ಇನ್ನೊಬ್ಬರಿಗೆ ತೋರಿಸಿ. ಒಳ್ಳೆಯ ಡಾಕ್ಟರ್ ಯಾರೂ ಅದಕ್ಕೆ ಮುನಿಸಿಕೊಳ್ಳಲ್ಲ. ಆದರೆ ಸಮಯ ಇದೆ ಅಂದರೆ ಮುಂದಿನ ಯುಗಾದಿಗೆ ನೋಡೋಣ ಅಂತ ಅಲ್ಲ, ಸಾಮಾನ್ಯವಾಗಿ ತಿಂಗಳು, ಒಂದೂವರೆ ತಿಂಗಳೊಳಗೆ ತೀರ್ಮಾನ ಆಗಬೇಕು.

ಇನ್ನು ನಮ್ಮ ಸಂಕಟ. ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕಿನ ಸನ್ನದು ಮಾಡಿತು, 17 ಹಕ್ಕು. ಅದರಲ್ಲೇ ರೋಗಿ ಮತ್ತು ಮನೆಯವರ ಜವಾಬ್ದಾರಿಗಳೂ ಇವೆ. ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ನನ್ನ ದಿನದ ಅರ್ಧ ಇದರಲ್ಲೇ ಹೋಗುತ್ತದೆ: ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂದರೆ 'ಬಿಳೀದು ಸಾರ್, ಸಣ್ಣದು'. ಕಿಡ್ನಿ ತೊಂದರೆ ಇದೆಯಾ ಅಂದರೆ ಇಲ್ಲ ಅನ್ನುತ್ತಾರೆ, ಆಂಜಿಯೋಗೆ ಡೈ ಹಾಕುವ ಮೊದಲು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ನೋಡಿದರೆ ಮೇಲೆ ಇರುತ್ತದೆ, ಆಮೇಲೆ ಹೇಳುತ್ತಾರೆ 'ಹೌದು ಸಾರ್, ಮಂಡಿ ನೋವಿಗೆ ಅಂತ ಒಬ್ಬರು ಪುಡಿ ಕೊಡ್ತಾರೆ, ವರ್ಷದಿಂದ ತಗೋತಾ ಇದ್ದೀನಿ'. ಯಾರೂ ಬೈಯಲ್ಲ, ಹೇಳಿಬಿಡಿ. ಬೀಡಿ, ಕುಡಿತ, ನಾಟಿ ಔಷಧಿ, ಹಿಂದೆ ಯಾವುದಾದರೂ ಇಂಜೆಕ್ಷನ್ನಿಗೆ ಅಲರ್ಜಿ ಆಗಿದ್ದು, ಎಲ್ಲ.

ನಿಮ್ಮ ತಂದೆಯವರ ವಿಷಯಕ್ಕೆ ಒಂದೇ ಮಾತು. ಸ್ಟೆಂಟ್ ಹಾಕಿದಮೇಲೆ ಕೊಟ್ಟ ರಕ್ತ ತೆಳು ಮಾಡುವ ಎರಡು ಮಾತ್ರೆಗಳನ್ನ ಹೃದಯದ ಡಾಕ್ಟರ್ ಹೇಳದೆ ಒಂದು ದಿನವೂ ಬಿಡಬೇಡಿ. ಹಲ್ಲು ಕೀಳಿಸಲು ಹೋದಾಗ ಅಲ್ಲಿ ಬಿಡಿ ಅಂದರೂ ಮೊದಲು ಇಲ್ಲಿ ಕೇಳಿ. ಸ್ಟೆಂಟಿನ ಒಳಗೆ ಹೆಪ್ಪುಗಟ್ಟಿದರೆ ಮತ್ತೆ ಅಟ್ಯಾಕ್.

ಇನ್ನೊಂದು, ಮನೆಯಿಂದ ಮಾತಾಡುವವರು ಒಬ್ಬರೇ ಇರಲಿ. ಬೆಳಿಗ್ಗೆ ಮಗನಿಗೆ ಹೇಳಿರುತ್ತೇವೆ, ಹತ್ತು ಗಂಟೆಗೆ ಅಳಿಯ, ಮಧ್ಯಾಹ್ನ ದುಬೈಯಿಂದ ಫೋನಿನಲ್ಲಿ ಇನ್ನೊಬ್ಬರು, ಸಂಜೆ ಊರಿನ ಮುಖಂಡರು. ಒಂದೇ ಕಥೆ ನಾಲ್ಕು ಬಾಯಲ್ಲಿ ನಾಲ್ಕು ಥರ ಆಗಿ ಕೊನೆಗೆ ಕೂಗಾಟ. ಕೈ ಎತ್ತಿದರಂತೂ 2009ರ ರಾಜ್ಯ ಕಾಯ್ದೆ ಇದೆ, ಜಾಮೀನಿಲ್ಲದ ಕೇಸು, ಒಡೆದ ಗಾಜಿನ ದುಡ್ಡೂ ನೀವೇ ಕಟ್ಟಬೇಕು.

ಕೋಟೆ_ಕಲ್ಲು:

ಡಾಕ್ಟ್ರೇ, ನೀವು ಹೇಳಿದ್ದು ಒಪ್ಪಿದೆ. ಆದರೆ ಆ ಒಬ್ಬರಿಗೆ ದಿನಕ್ಕೊಂದು ಸಲ ಐದು ನಿಮಿಷ ಕೂರಿಸಿ ಹೇಳಿದರೆ ದುಬೈ ಫೋನ್ ಯಾಕೆ ಬರುತ್ತದೆ? ಐಸಿಯು ಬಾಗಿಲಲ್ಲಿ ನಿಂತು ನರ್ಸ್ ಮುಖ ನೋಡಿ ಅಂದಾಜು ಮಾಡುವ ಪರಿಸ್ಥಿತಿ ನಮ್ಮದು.

ಹಾರ್ಟು_ಡಾಕ್ಟರು:

ಅದೂ ನಿಜ. ಡಾಕ್ಟರ್ ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಸೇರಿಸಿದ ದಿನವೇ ಸಿಸ್ಟರ್ ಹತ್ತಿರ ಕೇಳಿ ಇಟ್ಟುಕೊಳ್ಳಿ, ಕೇಳಬೇಕಾದ್ದನ್ನ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಚೀಟಿ ಹಿಡಿದುಕೊಂಡು ಬಂದವರಿಗೆ ನಾವು ಕೂಡ ಸರಿಯಾಗಿ ಉತ್ತರ ಕೊಡುತ್ತೇವೆ, ಸುಮ್ನೆ ಹೇಳುತ್ತಿಲ್ಲ.

ಹಿರಿಯೂರು_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನ ಕೈಯಲ್ಲೇ ಸೈನ್ ಹಾಕಿಸಿ ಅರ್ಜಿ ಕೊಟ್ಟೆ. ಸೀಲ್ ಹಾಕಲು ಮೊದಲು ಹಿಂದೆಮುಂದೆ ನೋಡಿದರು, ಆಡಳಿತದ ಮ್ಯಾನೇಜರ್ ಬಂದು ಓದಿ, 'ಯಾರು ಬರೆದುಕೊಟ್ಟರು' ಅಂತ ಕೇಳಿ ಸೀಲ್ ಹಾಕಿಸಿದರು. ಸಿಡಿ ಅವತ್ತೇ ಸಂಜೆ ಸಿಕ್ಕಿತು! ಕೇಸ್ ಶೀಟ್ ಎರಡು ದಿನ ಬಿಟ್ಟು ಕೊಟ್ಟರು, ಜೆರಾಕ್ಸಿಗೆ ದುಡ್ಡು ತೆಗೆದುಕೊಂಡು ರಸೀದಿ ಕೊಟ್ಟರು. ಅದರ ನಡುವಿನ ಒಂದು ಹಾಳೆಯಲ್ಲಿ ಸ್ಟೆಂಟ್ ಡಬ್ಬಿಯ ಸ್ಟಿಕರ್ ಅಂಟಿಸಿದ್ದಾರೆ, ಕಂಪನಿ ಹೆಸರು, ಲಾಟ್ ನಂಬರ್, 2.75 x 24 ಅಂತ ಅಳತೆ. ಬಿಲ್ ಬಿಡಿಸಿ ಕೊಡುವುದು ಇನ್ನೂ ಬಾಕಿ, ಅಕೌಂಟ್ಸ್‌ನವರು ವಾರ ಅಂದಿದ್ದಾರೆ.

ಈಗ ಇನ್ನೊಂದು ಪ್ರಶ್ನೆ. ನಮ್ಮದು ಬಿಪಿಎಲ್ ಕಾರ್ಡು. ಅವತ್ತು ಗಡಿಬಿಡಿಯಲ್ಲಿ ಕಾರ್ಡಿನ ಬಗ್ಗೆ ಅವರೂ ಕೇಳಲಿಲ್ಲ, ಪೂರ್ತಿ ಕೈಯಿಂದ ಕಟ್ಟಿದ್ದೇವೆ. ಎರಡನೇ ಸ್ಟೆಂಟಿಗಾದರೂ ಕಾರ್ಡ್ ನಡೆಯುತ್ತದಾ?

ಆರೋಗ್ಯ_ಮಿತ್ರೆ:

ನಡೆಯುತ್ತದೆ ತಮ್ಮಾ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸ್ಟೆಂಟ್ ಅದರಲ್ಲಿ ಬರುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ ಯೋಜನೆಯಿಂದ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ತುರ್ತು ಆದರೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು, ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ರೆಫರಲ್. ಯೋಜನೆಯಲ್ಲಿರುವ ಆಸ್ಪತ್ರೆಯಲ್ಲಿ ನಮ್ಮಂಥ ಆರೋಗ್ಯ ಮಿತ್ರರ ಕೌಂಟರ್ ಇರುತ್ತದೆ, ಸೇರಿಸುವಾಗಲೇ ಅಲ್ಲಿ ಕಾರ್ಡ್ ತೋರಿಸಬೇಕು. ಡಿಸ್ಚಾರ್ಜ್ ದಿನ ತೋರಿಸಿದರೆ ನಮ್ಮ ಕೈಯಲ್ಲಿ ಏನೂ ಇರಲ್ಲ.

ಹಳೆಯ ಬಿಲ್ಲಿಗೆ, ಮೊದಲು 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ಆ ಆಸ್ಪತ್ರೆ ಯೋಜನೆಯಲ್ಲಿ ಇದೆಯಾ ಅಂತ ಕೇಳಿ. ಇದ್ದೂ ದುಡ್ಡು ಕಟ್ಟಿಸಿಕೊಂಡಿದ್ದರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ದೂರು ಬರೆಯಬಹುದು, ಬಿಲ್ಲು, ಕಾರ್ಡಿನ ಜೆರಾಕ್ಸ್ ಜೊತೆಗೆ. ಇಲ್ಲ ಅಂದರೆ ಆ ದುಡ್ಡಿನ ಆಸೆ ಬಿಡಿ.

ಇನ್ನು ಮುಂದೆ ಯಾರಿಗಾದರೂ ಎದೆನೋವು ಬಂದರೆ ಕಾರು ಹುಡುಕುವ ಮೊದಲು ತಾಲೂಕು ಆಸ್ಪತ್ರೆ ನೆನಪಿರಲಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಎಷ್ಟೋ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಅಲ್ಲಿಂದ ಮುಂದಕ್ಕೆ 108 ಇದೆ.

ಜಯದೇವಕ್ಕೆ ಹೋಗುವಾಗ ಸಿಡಿ, ಕೇಸ್ ಶೀಟ್, ಬಿಪಿಎಲ್ ಕಾರ್ಡ್, ಆಧಾರ್ ಮೂಲ ಪ್ರತಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನ ಸ್ಟ್ರಿಪ್ ಸಮೇತ ಒಂದೇ ಚೀಲದಲ್ಲಿ ಹಾಕಿಕೊಳ್ಳಿ. ಬೆಳಿಗ್ಗೆ ಬೇಗ ಹೋಗಿ, ಓಪಿಡಿ ಸಾಲು ಉದ್ದ ಇರುತ್ತದೆ. ತಂದೆಯವರಿಗೆ ಶುಗರ್ ಇದ್ದರೆ ಖಾಲಿ ಹೊಟ್ಟೆಯಲ್ಲಿ ಕೂರಿಸಬೇಡಿ, ಇಡ್ಲಿ ಕಟ್ಟಿಕೊಂಡು ಹೋಗಿ.